ಅಲಾರಂ ಬಂದ್ ಮಾಡಿದ್ದೇ ನನ್ನ ಮೊದಲ ತಪ್ಪು

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಐದು ಮಹಡಿ, 20 ಮನೆ, ಒಂದು ಲಿಫ್ಟ್, ಒಂದೇ ಮೆಟ್ಟಿಲು. ನಿವಾಸಿಗಳ ಸಂಘದ ಕಾರ್ಯದರ್ಶಿ ನಾನು. ಯಾರೂ ಒಪ್ಪಿಕೊಳ್ಳದೆ ನನ್ನ ಕೊರಳಿಗೆ ಬಿದ್ದ ಕೆಲಸವಿದು. ಕಳೆದ ವರ್ಷ ಮಾರ್ಚ್‌ನ ಒಂದು ರಾತ್ರಿ 2.40ಕ್ಕೆ ಬೆಂಕಿಯ ಅಲಾರಂ ಕಿರುಚತೊಡಗಿತು. ಒಂದನೇ ಮಹಡಿಯ ನನ್ನ ಮನೆಯಿಂದ ಲುಂಗಿಯಲ್ಲೇ ಇಳಿದು ಓಡಿ, ಮೊದಲು ಅದರ ಬಾಯಿ ಮುಚ್ಚಿಸಿದೆ.

ಅದಕ್ಕೆ ಕಾರಣವಿತ್ತು. ಆ ಅಲಾರಂ ನಮ್ಮನ್ನು ಹಲವು ಸಲ ಪೆದ್ದರನ್ನಾಗಿ ಮಾಡಿತ್ತು. ಯಾರೋ ಬಾಗಿಲು ತೆರೆದಿಟ್ಟು ಬ್ಯಾಡಗಿ ಮೆಣಸಿನಕಾಯಿ ಹುರಿದರೆ ಕೂಗುತ್ತಿತ್ತು, ಗಣಪತಿಗೆ ಧೂಪ ಹಾಕಿದರೆ ಕೂಗುತ್ತಿತ್ತು, ಡಿಟೆಕ್ಟರಿನೊಳಗೆ ಸಣ್ಣ ಹುಳ ಹೊಕ್ಕರೂ ಕೂಗುತ್ತಿತ್ತು. ಪ್ರತಿ ಸಲವೂ ವಾಚ್‌ಮನ್ ಗುಂಡಿ ಒತ್ತಿ ಸುಮ್ಮನಾಗಿಸುತ್ತಿದ್ದ, ಜನ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಆ ರಾತ್ರಿ ನಾನೂ ಗುಂಡಿಯನ್ನು ನೋಡಿದೆನೇ ಹೊರತು ಅದರ ಮೇಲಿದ್ದ ದೀಪಗಳನ್ನು ನೋಡಲಿಲ್ಲ. ಪ್ರತಿ ಮಹಡಿಗೂ ಒಂದೊಂದು ಕೆಂಪು ದೀಪವಿದೆ. ನೆಲಮಹಡಿಯದು ಉರಿಯುತ್ತಿತ್ತು.

ಸುಟ್ಟ ರಬ್ಬರಿನ ವಾಸನೆ ಬಂದ ಮೇಲೆಯೇ ತಿರುಗಿ ನೋಡಿದ್ದು. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಕೋಣೆಯ ಬಾಗಿಲ ಸಂದಿಯಿಂದ ಬೂದು ಬಣ್ಣದ ಹೊಗೆ ಹೊರಬರುತ್ತಿತ್ತು. ಮೆಟ್ಟಿಲ ಕೆಳಗೆ ಜಾಗ ಉಳಿಯುತ್ತದೆಂದು ಅಲ್ಲಿ ಮೀಟರ್ ಕೂರಿಸಿದವರು ಯಾರೋ ಗೊತ್ತಿಲ್ಲ. ಅಲ್ಲಿ ಹೊತ್ತಿಕೊಂಡರೆ ಹೊಗೆಗೆ ಮೆಟ್ಟಿಲೇ ಚಿಮಣಿ, 20 ಮನೆಗಳ ಜನ ಇಳಿಯಬೇಕಾದ ದಾರಿಯೂ ಅದೇ.

ಅಲಾರಂ ಅನ್ನು ಮತ್ತೆ ಕೂಗಿಸುವುದು ಹೇಗೆಂದು ಒಂದು ಕ್ಷಣ ತಲೆ ಓಡಲಿಲ್ಲ. ನಂತರ ಒಂದನೇ ಮಹಡಿಗೆ ಓಡಿ ಗೋಡೆಯ ಮೇಲಿನ ಕೆಂಪು ಪೆಟ್ಟಿಗೆಯ ಗಾಜು ಒಡೆದೆ. ಬೇರೆ ಮಹಡಿಯಿಂದ ಹೊಸ ಸಂಕೇತ ಹೋದದ್ದರಿಂದ ಸೈರನ್ ಮತ್ತೆ ಶುರುವಾಯಿತು. ವಾಚ್‌ಮನ್‌ಗೆ ಮೂರು ಕೆಲಸ ಹೇಳಿದೆ: ಜನರೇಟರ್ ತಾನಾಗಿ ಚಾಲೂ ಆಗದಂತೆ ಬಂದ್ ಮಾಡು, 1912ಕ್ಕೆ ಫೋನ್ ಮಾಡಿ ಹೆಸ್ಕಾಂನವರಿಗೆ ಲೈನ್ ತೆಗೆಯಲು ಹೇಳು, ಆಮೇಲೆ ಮುಖ್ಯ ರಸ್ತೆಯ ತಿರುವಿನಲ್ಲಿ ಬ್ಯಾಟರಿ ಹಿಡಿದು ನಿಲ್ಲು. ನಮ್ಮ ಮೇನ್ ಸ್ವಿಚ್ ಉರಿಯುತ್ತಿದ್ದ ಕೋಣೆಯೊಳಗೇ ಇತ್ತು. ಆ ಬಾಗಿಲನ್ನು ನಾನು ತೆರೆಯಲಿಲ್ಲ. ತೆರೆದಿದ್ದರೆ ಒಳಗಿನ ಬೆಂಕಿಗೆ ಗಾಳಿ, ಹೊರಗಿನ ಮೆಟ್ಟಿಲಿಗೆ ಹೊಗೆ.

101ಕ್ಕೆ ಕರೆ ಮಾಡಿದವನು ನಾನೇ. ವಿಳಾಸ, ಹತ್ತಿರದ ಗುರುತು, ಏನು ಹೊತ್ತಿಕೊಂಡಿದೆ, ಎಷ್ಟು ಮಹಡಿ, ಒಳಗೆ ಜನ ಇದ್ದಾರೆಯೇ ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಅವರಾಗಿ ಇಡುವವರೆಗೂ ಫೋನ್ ಇಡಲಿಲ್ಲ.

ಇಷ್ಟಾದರೂ ಇಳಿದು ಬಂದವರು ಇಬ್ಬರೇ. ಬಾಗಿಲು ಬಡಿಯುತ್ತ ಮೇಲೆ ಹೋದೆ. 'ಕಾಕಾ, ಇದು ಖರೆ ಬೆಂಕಿ, ಬರಿಗೈಯಲ್ಲಿ ಇಳಿಯಿರಿ' ಎಂದರೆ, ಎರಡನೇ ಮಹಡಿಯ ಕಾಕಾ 'ಮೆಣಸಿನಕಾಯಿ ಇರಬೇಕು ನೋಡಪ್ಪಾ' ಎಂದು ಒಳಗಿನಿಂದಲೇ ಉತ್ತರ ಕೊಟ್ಟರು. ಅವರ ತಪ್ಪೇನಿಲ್ಲ, ಎರಡು ನಿಮಿಷದ ಹಿಂದೆ ಅಲಾರಂ ನಿಂತದ್ದನ್ನು ಅವರೂ ಕೇಳಿಸಿಕೊಂಡಿದ್ದರು. ಅದೇ ಮಹಡಿಯ ಅಜ್ಜಿಗೆ ಮೊಣಕಾಲು ನೋವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಜ್ಜಿಯ ಮುಖ ಕೆಳಗಿನ ಮೆಟ್ಟಿಲ ಕಡೆಗೇ ಇರುವಂತೆ, ಹಿಂದೊಬ್ಬರು ಮುಂದೊಬ್ಬರು ಹಿಡಿದು ಇಳಿಸಿದರು. ದೇವರ ಮುಂದಿನ ನಂದಾದೀಪ ಆರಿಸಲು ಅವರು ಒಪ್ಪಲಿಲ್ಲ. ವಾದಿಸುತ್ತ ನಿಲ್ಲದೆ ಅವರನ್ನು ಹೊರಗೆ ಕರೆತಂದು, ಸೊಸೆಯ ಕೈಯಿಂದ ದೀಪ ಶಾಂತ ಮಾಡಿಸಿದೆವು. ಮೂರನೇ ಮಹಡಿಯಲ್ಲಿ ಒಂದು ಕುಟುಂಬ ಸೂಟ್‌ಕೇಸ್ ಹಿಡಿದು ಲಿಫ್ಟ್‌ಗಾಗಿ ಕಾಯುತ್ತಿತ್ತು. ನನ್ನ ದನಿ ಏರಿದ್ದು ಅಲ್ಲಿ ಮಾತ್ರ. ಲೈನ್ ಯಾವ ಗಳಿಗೆಯಲ್ಲಾದರೂ ಹೋಗಬಹುದಿತ್ತು. ಹೋದರೆ ಆ ಕಬ್ಬಿಣದ ಪೆಟ್ಟಿಗೆಯೊಳಗೆ, ಹೊಗೆಯ ನಡುವೆ, ನಾಲ್ಕು ಜನ.

ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು, ದೀಪದ ಬೆಳಕು ಹಳದಿಯಾಗಿತ್ತು. ಎಲ್ಲರನ್ನೂ ಇಳಿಸುವುದೆಂಬ ನನ್ನ ಲೆಕ್ಕ ಅಲ್ಲಿ ಬದಲಾಯಿತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಂಬತ್ತು ಜನ ತೀರಿಕೊಂಡಿದ್ದರು. ಅಲ್ಲಿಯೂ ಜನರನ್ನು ಹೆದರಿಸಿ ಕಂಗೆಡಿಸಿದ್ದು ಮೆಟ್ಟಿಲು ತುಂಬಿದ ಹೊಗೆಯೇ. ಮೇಲಿನ ಎರಡು ಮಹಡಿಯವರಿಗೆ ಫೋನ್ ಮಾಡಿ ಹೇಳಿದೆ: ಇಳಿಯಬೇಡಿ, ಬಾಗಿಲು ಹಾಕಿಕೊಳ್ಳಿ, ಟವೆಲ್ ಒದ್ದೆ ಮಾಡಿ ಬಾಗಿಲ ಕೆಳಗಿನ ಸಂದಿಗೆ ತುರುಕಿ, ಬಾಲ್ಕನಿಗೆ ಬಂದು ಕೆಳಗಿನವರಿಗೆ ಕಾಣುವಂತೆ ನಿಲ್ಲಿ. ನಾನು ಬಗ್ಗಿ, ಗೋಡೆ ಸವರುತ್ತ ಇಳಿದೆ.

ಆದರೆ ಐದನೇ ಮಹಡಿಯ ದಂಪತಿ ನನ್ನ ಫೋನ್ ಬರುವ ಮೊದಲೇ ಮಗುವನ್ನು ಎತ್ತಿಕೊಂಡು ತಾರಸಿಗೆ ಹತ್ತಿದ್ದರು. ತಾರಸಿಗೆ ಬೀಗ. ಶಾವಿಗೆ, ಹಪ್ಪಳ ಒಣಹಾಕುವ ಕಾಲ, ಹುಡುಗರು ತುಳಿಯುತ್ತಾರೆ ಎಂದು ಸಂಘದ ಸಭೆಯಲ್ಲೇ ತೀರ್ಮಾನಿಸಿ ಹಾಕಿದ ಬೀಗ. ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ, ವಾಚ್‌ಮನ್ ರಸ್ತೆಯ ತಿರುವಿನಲ್ಲಿ. ಅವರು ಕೆಮ್ಮುತ್ತ ಹಿಂದಿರುಗಿ ತಮ್ಮ ಮನೆ ಸೇರುವವರೆಗಿನ ಆ ಒಂದು ನಿಮಿಷ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಕೆಳಗೆ ಇನ್ನೊಂದು ಗಲಾಟೆ. ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ ನಲ್ಲಿ ನೀರು ಕಂಡು ರೂಢಿಯಾದ ಊರಿನಲ್ಲಿ ಮನೆಮನೆಗೂ ಡ್ರಮ್ ಇರುತ್ತದೆ. ಒಬ್ಬ ಹುಡುಗ ಬಕೆಟ್ ತುಂಬಿಕೊಂಡು ಮೀಟರ್ ಕೋಣೆಯ ಕಡೆಗೆ ಹೊರಟಿದ್ದ. ಕರೆಂಟ್ ಇರುವ ಬೆಂಕಿಗೆ ನೀರು ಎರಚಬಾರದು ಎಂದು ಅವನ ತೋಳು ಹಿಡಿದು ನಿಲ್ಲಿಸಿದೆ. ಪಾರ್ಕಿಂಗ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒಂದಿತ್ತು, ಅದರ ತಪಾಸಣೆಯ ದಿನಾಂಕ ಎಂದೋ ಮುಗಿದಿತ್ತು.

ಗೇಟಿನ ಹೊರಗೆ ನಿಲ್ಲಿಸಿ ತಲೆ ಎಣಿಸಿದಾಗ ಎರಡು ಮನೆಗಳ ಲೆಕ್ಕ ಸಿಗಲಿಲ್ಲ. ಒಂದು ಮನೆಯವರು ಗದಗಕ್ಕೆ ಮದುವೆಗೆ ಹೋಗಿದ್ದರು. ಇನ್ನೊಂದು ಮೂರನೇ ಮಹಡಿಯ ವಿದ್ಯಾರ್ಥಿಗಳದ್ದು. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಮಲಗಿದ್ದರು. ಅಗ್ನಿಶಾಮಕ ದಳದವರಿಗೆ ನಾನು ಮೊದಲು ಹೇಳಿದ್ದು ಆ ಮನೆಯ ನಂಬರನ್ನೇ. ಅವರ ವಾಹನ ಒಳಗೆ ಬರಲು ರಸ್ತೆಯ ಎರಡೂ ಬದಿಗೆ ನಿಂತಿದ್ದ ಕಾರುಗಳನ್ನು ಸರಿಸಬೇಕಾಯಿತು. ಅದರಲ್ಲಿ ಒಂದು ನನ್ನದು.

ಲೈನ್ ತೆಗೆದ ಮೇಲೆ ಬೆಂಕಿ ಆರಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಡಿಲವಾದ ಕೇಬಲ್ ಜೋಡಣೆ ಕಾದು ಕಿಡಿ ಹಾರಿತ್ತು. ಅಷ್ಟೇ ಆಗಿದ್ದರೆ ಬೋರ್ಡ್ ಒಂದು ಕರಕಲಾಗಿ ಮುಗಿಯುತ್ತಿತ್ತು. ಹೊಗೆಯಲ್ಲಿ ಬಹುಪಾಲು ಎದ್ದದ್ದು ಕೋಣೆಯಲ್ಲಿ ತುಂಬಿಟ್ಟಿದ್ದ ಗಣಪತಿ ಮಂಟಪದ ಬಟ್ಟೆ, ಥರ್ಮೊಕೋಲ್, ಹಳೆಯ ಫ್ಲೆಕ್ಸ್‌ಗಳಿಂದ. ಅಲ್ಲಿಡಲು ಹೇಳಿದವನು ಕಾರ್ಯದರ್ಶಿ.

ಈಗ ಆ ಕೋಣೆಯಲ್ಲಿ ಮೀಟರ್ ಬಿಟ್ಟು ಮತ್ತೇನೂ ಇಲ್ಲ. ಕೇಬಲ್ ಮೇಲೆ ಹೋಗುವ ತೂತುಗಳನ್ನು ಬೆಂಕಿ ತಡೆಯುವ ಗಾರೆಯಿಂದ ಮುಚ್ಚಿಸಿದ್ದೇವೆ. ಇಬ್ಬರು ಹೋಗಿ ಕೆಂಪು ದೀಪ ತೋರಿಸಿದ ಮಹಡಿಯನ್ನು ಕಣ್ಣಾರೆ ನೋಡಿ ಬರುವವರೆಗೆ ಯಾರೂ ಅಲಾರಂ ನಿಲ್ಲಿಸುವಂತಿಲ್ಲ. ಪ್ರತಿ ಮಹಡಿಗೂ ಬಾಗಿಲು ಬಡಿಯುವ ಹೊಣೆ ಒಂದು ಮನೆಯದು. ಅಗ್ನಿಶಾಮಕ ಸೇವಾ ದಿನವಾದ ಏಪ್ರಿಲ್ 14ರಂದು ಮೊದಲ ತಾಲೀಮು ಮಾಡಿದೆವು. ಎಲ್ಲರೂ ಗೇಟಿನ ಹೊರಗೆ ಬರಲು 11 ನಿಮಿಷ ಬೇಕಾಯಿತು, ಏಕೆಂದರೆ ಮೂವರು ಚಪ್ಪಲಿ ಹುಡುಕುತ್ತಿದ್ದರು.

ತಾರಸಿಗೆ ಬೀಗದ ಬದಲು ಒಳಗಿನಿಂದ ತೆರೆಯುವ ಚಿಲಕ ಹಾಕಿಸಿದ್ದೇನೆ. ಹೋದ ವಾರ ಯಾರದೋ ಶಾವಿಗೆಯನ್ನು ಹುಡುಗರು ತುಳಿದರಂತೆ. ಮತ್ತೆ ಬೀಗ ಹಾಕಬೇಕೆಂದು ಐದು ಮನೆಯವರು ಸಹಿ ಮಾಡಿ ಅರ್ಜಿ ಕೊಟ್ಟಿದ್ದಾರೆ. ಅರ್ಜಿಯನ್ನು ನಾನಿನ್ನೂ ಸಭೆಯ ಮುಂದೆ ಇಟ್ಟಿಲ್ಲ.