ಪುಂಡನನ್ನು ಹೊರಗೆ ಹಾಕಿದೆ, ಪುಂಡಾಟ ನಿಲ್ಲಲಿಲ್ಲ

ನನ್ನ ಅಕ್ವೇರಿಯಂ ತೊಟ್ಟಿಯಲ್ಲಿದ್ದ ಏಂಜಲ್ ಮೀನಿನ ರೆಕ್ಕೆ ಹರಿದದ್ದು ಕಂಡಾಗ, ರೆಕ್ಕೆ ಕೊಳೆಯುವ ರೋಗವೆಂದುಕೊಂಡು ಐದು ದಿನ ಔಷಧಿ ಹಾಕಿದೆ. ರೋಗವಾಗಿದ್ದರೆ ಅಂಚು ಬೆಳ್ಳಗಾಗಿ ನೂಲುನೂಲಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಕತ್ತರಿ ಹಾಕಿದ ಹಾಗೆ ತುಣುಕೇ ಮಾಯವಾಗಿತ್ತು. ನೋಡಿಯೂ ನೋಡಿರಲಿಲ್ಲ ನಾನು.

ಕೊನೆಗೊಂದು ರಾತ್ರಿ ಕೋಣೆಯ ದೀಪ ಆರಿಸಿ, ತೊಟ್ಟಿಯ ದೀಪವೊಂದನ್ನೇ ಬಿಟ್ಟು, ದೂರದಲ್ಲಿ ಅರ್ಧ ಗಂಟೆ ಅಲ್ಲಾಡದೆ ಕೂತೆ. ಗಾಜಿನ ಹತ್ತಿರ ಹೋದರೆ ಊಟ ಬಂತೆಂದು ಎಲ್ಲವೂ ಮುಂದೆ ಬಂದು ಸಾಧುಗಳಾಗಿಬಿಡುತ್ತವೆ, ಅದಕ್ಕೆ. ಟೈಗರ್ ಬಾರ್ಬ್ ಎಂಬ ಪಟ್ಟೆಪಟ್ಟೆಯ ಸಣ್ಣ ಮೀನೊಂದು ಹಿಂದಿನಿಂದ ನುಸುಳಿ ಬಂತು. ಏಂಜಲ್‌ನ ಹೊಟ್ಟೆಯಡಿ ಇಳಿಬಿದ್ದ ಉದ್ದನೆಯ ಎಳೆಯನ್ನು ಚಕ್ಕನೆ ಕಚ್ಚಿ, ಗಿಡದ ಮರೆಗೆ ಸರಿಯಿತು. ಏಂಜಲ್ ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ.

150 ಲೀಟರಿನ ತೊಟ್ಟಿಯಲ್ಲಿ ನಾನು ಬಿಟ್ಟಿದ್ದ ಬಾರ್ಬ್ ಮೂರೇ. ಪುಂಡನನ್ನು ಹಿಡಿದು ಸಣ್ಣ ತೊಟ್ಟಿಗೆ ಹಾಕಿದೆ. ಎರಡು ದಿನ ಶಾಂತಿ. ಮೂರನೇ ದಿನ ಉಳಿದೆರಡರಲ್ಲಿ ದೊಡ್ಡದು ಅದೇ ಕಸುಬು ಶುರುಮಾಡಿತು!

ತಪ್ಪು ಲೆಕ್ಕದಲ್ಲಿತ್ತು. ಬಾರ್ಬ್ ಗುಂಪಿನ ಮೀನು. ಮೇಲಾರು, ಕೆಳಗಾರು ಎಂಬುದನ್ನು ತಮ್ಮತಮ್ಮಲ್ಲೇ ಅಟ್ಟಾಡಿಸಿ ತೀರ್ಮಾನಿಸಿಕೊಳ್ಳುತ್ತವೆ. ಎರಡು ಮೂರೇ ಇದ್ದರೆ ಆ ಚಟ ಅಕ್ಕಪಕ್ಕದವರ ಮೇಲೆ ತಿರುಗುತ್ತದೆ. ಇನ್ನೂ ಆರು ತಂದು, ಪುಂಡನ ಜೊತೆಗೇ ಸಣ್ಣ ತೊಟ್ಟಿಯಲ್ಲಿ ಮೂರು ವಾರ ಇಟ್ಟು ರೋಗವಿಲ್ಲವೆಂದು ನೋಡಿಕೊಂಡೆ.

ದೊಡ್ಡ ತೊಟ್ಟಿಗೆ ಬಿಡುವ ದಿನ ಕಲ್ಲು, ಮರದ ಬೊಡ್ಡೆ, ಗಿಡ ಎಲ್ಲವನ್ನೂ ಕಿತ್ತು ಜಾಗ ಬದಲಿಸಿದೆ. ಹಳಬರಿಗೂ ತಮ್ಮ ಮೂಲೆ ಯಾವುದೆಂದು ತಿಳಿಯಬಾರದು. ಬೊಡ್ಡೆಯನ್ನು ನಡುವೆ ಅಡ್ಡಲಾಗಿ ನಿಲ್ಲಿಸಿದೆ: ಈ ತುದಿಯಲ್ಲಿರುವವನಿಗೆ ಆ ತುದಿಯವನು ಕಾಣಬಾರದು, ಕಂಡರೆ ತಾನೇ ಅಟ್ಟಿಸಿಕೊಂಡು ಹೋಗುವುದು? ಮೊದಲು ಒಂದಿಷ್ಟು ಊಟ ಹಾಕಿ, ದೀಪ ಆರಿಸಿದ ಮೇಲೆ ಏಳನ್ನೂ ಒಟ್ಟಿಗೆ ಬಿಟ್ಟೆ. ಒಂದೊಂದಾಗಿ ಬಿಟ್ಟರೆ ಹೊಸಬನ ಗತಿ ಹೇಳಬೇಕಿಲ್ಲ. ಆಮೇಲಿಂದ ಊಟ ಯಾವಾಗಲೂ ಎರಡು ತುದಿಗಳಲ್ಲಿ. ಮೀನು ಹೆಚ್ಚಾದ್ದರಿಂದ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆಯೂ ತಪ್ಪಿಸುವಂತಿಲ್ಲ.

ಇದು ಎಲ್ಲ ಜಗಳಕ್ಕೂ ಮದ್ದಲ್ಲ. ಮೊಟ್ಟೆ ಕಾಯುತ್ತಿರುವ ಸಿಕ್ಲಿಡ್ ಎಂಬ ಜಾತಿಯ ಮೀನಿನ ಜೋಡಿಯ ಮುಂದೆ ಮೀನು ಹೆಚ್ಚಿಸಿದರೆ ಗಾಯಾಳುಗಳು ಹೆಚ್ಚುತ್ತಾರೆ, ಅಷ್ಟೇ. ಏಂಜಲ್ ವಿಷಯದಲ್ಲಂತೂ ನಾನು ಸೋತೆ. ಕಚ್ಚಾಟ ತೀರಾ ಕಡಿಮೆಯಾದರೂ ಪೂರ್ತಿ ನಿಲ್ಲಲಿಲ್ಲ. ನಿಧಾನಗತಿಯ ಉದ್ದ ರೆಕ್ಕೆಯ ಮೀನನ್ನು ಬಾರ್ಬ್ ಜೊತೆ ಇಟ್ಟದ್ದೇ ನನ್ನ ಪೆದ್ದುತನ. ಅದನ್ನು ಬೇರೆ ದೊಡ್ಡ ತೊಟ್ಟಿಗೆ ಸಾಗಿಸಿದೆ. ಒಂದೂವರೆ ತಿಂಗಳಲ್ಲಿ ಎಳೆಗಳು ಮತ್ತೆ ಚಿಗುರಿದವು.

ಹಳೆಯ ಪುಂಡ ಈಗ ಒಂಬತ್ತರಲ್ಲೊಬ್ಬ. ಗುರುತಿಸುವುದು ಸುಲಭ, ಅವನ ಬೆನ್ನಿನ ರೆಕ್ಕೆಯಲ್ಲೇ ಒಂದು ಕಚ್ಚಿನ ಗುರುತಿದೆ.