ಝುಯಿ ಚುವಾನ್: ತೂರಾಟ ಕಲಿಯುವ ಬಗೆ

ಚೀನಾದ ಝುಯಿ ಚುವಾನ್ ಅಂದರೆ ಕುಡುಕನ ಮುಷ್ಟಿ, ಕುಡಿದವನಂತೆ ತೂರಾಡುತ್ತಾ ಕಾದಾಡುವ ಸಮರಕಲೆ. ಇದನ್ನು ಕಲಿಯಲು ಬಂದವರು ಮೊದಲ ದಿನವೇ ಓಲಾಡತೊಡಗುತ್ತಾರೆ. ಅದು ತಪ್ಪು ದಾರಿ. ನಾನು ಈಗಲೂ ಮಾಬು, ಅಂದರೆ ಕುದುರೆ ನಿಲುವಿನಲ್ಲಿ ಎರಡೆರಡು ನಿಮಿಷದಂತೆ ಐದು ಸಲ ನಿಂತ ಮೇಲೆಯೇ ತೂರಾಟಕ್ಕೆ ಇಳಿಯುವುದು. ತೊಡೆಯಲ್ಲಿ ಕಸುವಿಲ್ಲದವನ ತೂರಾಟ ಬರೀ ಬೀಳಾಟ.

ಹೆಜ್ಜೆ ಹೀಗೆ: ಮೈಭಾರವೆಲ್ಲ ಎಡಗಾಲಿಗೆ. ಬಲಗಾಲನ್ನು ಅದರ ಹಿಂದಿನಿಂದ ಎಡಕ್ಕೆ ದಾಟಿಸಿ, ಮುಂಗಾಲಷ್ಟೇ ನೆಲಕ್ಕೆ ತಾಗಿಸಿ. ಸೊಂಟವನ್ನು ಎಡಕ್ಕೆ ತಳ್ಳಿ, ಎದೆಯನ್ನು ಬಲಕ್ಕೆ ವಾಲಿಸಿ. ಎದುರಿನವನ ಕಣ್ಣಿಗೆ ನೀವು ಬಲಕ್ಕೆ ಆಯ ತಪ್ಪಿದ್ದೀರಿ. ಭಾರ ಮಾತ್ರ ಎಡಗಾಲ ಮೇಲೇ ಇದೆ, ಬಲಗಾಲು ಒದೆಯಲು ಖಾಲಿಯಿದೆ. ಮೋಸವಿರುವುದು ಇಲ್ಲಿ. ನಡುವೆ ಎಲ್ಲಿ ಬೇಕಾದರೂ ಬಲಗಾಲೆತ್ತಿ ಒಂದು ಉಸಿರು ನಿಂತು ನೋಡಿ. ನಿಲ್ಲಲಾಗದಿದ್ದರೆ ನಿಜವಾಗಿಯೇ ಮುಗ್ಗರಿಸಿದ್ದೀರಿ. ಎಡಮಂಡಿ ಎಡಪಾದದ ಬೆರಳುಗಳ ದಿಕ್ಕನ್ನೇ ನೋಡುತ್ತಿರಬೇಕು. ಒಳಕ್ಕೆ ತಿರುಚಿದರೆ ಮಂಡಿಯ ಒಳಬದಿ ನೋಯತೊಡಗುತ್ತದೆ.

ಕೈಗೆ ಬಟ್ಟಲ ಹಿಡಿತ. ಹೆಬ್ಬೆರಳು, ತೋರುಬೆರಳು ಪುಟ್ಟ ಬಟ್ಟಲು ಹಿಡಿದಂತೆ ಬಾಗಿರಲಿ, ಉಳಿದ ಮೂರು ಅಂಗೈಗೆ ಮಡಚಿರಲಿ. ಆ ಎರಡು ಬೆರಳ ನಡುವಿನ ಸಂದಿನಿಂದ ಎದುರಾಳಿಯ ಗಂಟಲಿಗೆ ಹೊಡೆತ, ಬಾಗಿದ ಮಣಿಕಟ್ಟಿನ ಬೆನ್ನಿನಿಂದ ಅವನ ಗದ್ದಕ್ಕೆ. ಮುಕ್ಕಾಲು ನೀರು ತುಂಬಿದ ನಿಜವಾದ ಬಟ್ಟಲು ಹಿಡಿದು ನಿಧಾನಕ್ಕೆ ಹೆಜ್ಜೆ ಹಾಕಿದರೆ ಭುಜದ ಬಿಗಿತ ತಕ್ಷಣ ಗೊತ್ತಾಗುತ್ತದೆ: ನೀರು ಚೆಲ್ಲುತ್ತದೆ.

ಕತ್ತು ಸಡಿಲ ಬಿಟ್ಟು ತಲೆ ಗಿರಕಿ ಹೊಡೆಸಬೇಡಿ, ತಲೆಸುತ್ತು ಬರುತ್ತದೆ. ರೆಪ್ಪೆ ಅರ್ಧ ಇಳಿದಿರಲಿ, ನೋಟ ಎದುರಾಳಿಯ ಎದೆಯ ಮೇಲಿರಲಿ. ಮೈಗೆ ಅಮಲು, ಮನಸ್ಸಿಗಲ್ಲ ಎಂದು ಚೀನೀಯರು ಹೇಳುವುದು ಇದನ್ನೇ.

ಈ ಕಲೆಯಲ್ಲಿ ಚೀನೀ ದಂತಕಥೆಯ ಎಂಟು ಅಮರರ ಹೆಸರಿನ ಭಂಗಿಗಳಿವೆ. ಅವುಗಳಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಕುಂಟ ಲೀ ಟಿಯೆಗುವಾಯ್‌ಗೆ. ಊರುಗೋಲಿನ ಆ ಅಮರನ ನಡೆ ಒಂಟಿಕಾಲ ಸಮತೋಲಕ್ಕೆ ಒಳ್ಳೆಯ ಗರಡಿ. ಇನ್ನೊಬ್ಬ ಅಮರ ಹಾನ್ ಶಿಯಾಂಗ್‌ಜಿಯ ಕೊಳಲ ಹಿಡಿತ ಎರಡೂ ಕೈಗೆ ಒಟ್ಟಿಗೆ ಕೆಲಸ ಕೊಡುತ್ತದೆ.

ಬೀಳುವುದನ್ನು ಕೊನೆಗೆ ಕಲಿಯಿರಿ. ಐದು ಸೆಂಟಿಮೀಟರ್ ದಪ್ಪದ ಮ್ಯಾಟ್ ಹಾಸಿ, ಕುಕ್ಕರಗಾಲಲ್ಲಿ ಕುಳಿತಲ್ಲಿಂದಲೇ ಶುರುಮಾಡಿ. ಗದ್ದ ಎದೆಗೆ ಒತ್ತಿ, ಉಸಿರು ಬಿಡುತ್ತಾ ಮೊದಲು ತೊಡೆಯ ಹೊರಬದಿ, ಆಮೇಲೆ ಪಕ್ಕೆ ನೆಲಕ್ಕೆ ತಾಗಲಿ. ತೋಳನ್ನು ಮೈಯಿಂದ 45 ಡಿಗ್ರಿ ದೂರ ಚಾಚಿ ಅಂಗೈಯಿಂದ ನೆಲ ಬಡಿಯಿರಿ. ಮೊಣಕೈ ಊರಿದರೆ ಪೆಟ್ಟು ನೇರ ಭುಜದ ಕೀಲಿಗೆ. ಪ್ರತಿ ಬದಿಗೆ ಹತ್ತು ಸಲ ಸಾಕು. ದಣಿದ ಮೇಲೆ ಗದ್ದ ತಾನಾಗಿ ಮೇಲೇಳುತ್ತದೆ, ತಲೆ ನೆಲಕ್ಕೆ ಬಡಿಯುವುದು ಆಗಲೇ.