ಫಿಕ್ಸರ್ ಇನ್ನೂ ಕೆಲಸ ಮಾಡುತ್ತದೆಯೇ? ಫಿಲ್ಮ್ ಚೂರನ್ನೇ ಕೇಳಿ

ಕಪ್ಪು-ಬಿಳುಪು ಫಿಲ್ಮ್, ಪ್ರಿಂಟ್‌ಗಳಲ್ಲಿ ಚಿತ್ರ ಮೂಡಿಸುವ ದ್ರಾವಣ ಡೆವಲಪರ್. ಆಮೇಲೆ ಉಳಿದ ಬೆಳ್ಳಿಯ ಸಂಯುಕ್ತಗಳನ್ನು ಕರಗಿಸಿ ತೆಗೆದು ಚಿತ್ರವನ್ನು ಕಾಯಂ ಮಾಡುವುದು ಫಿಕ್ಸರ್. ಡೆವಲಪರ್‌ನ ಉಷ್ಣಾಂಶ ಅರ್ಧ ಡಿಗ್ರಿ ಏರುಪೇರಾಗದಂತೆ ಕಾಯುವವರೇ ಫಿಕ್ಸರ್ ಸರದಿ ಬಂದಾಗ ‘ಐದು ನಿಮಿಷ ಬಿಟ್ಟರಾಯಿತು’ ಎಂದುಬಿಡುತ್ತಾರೆ. ಡೆವಲಪರ್ ಕೈಕೊಟ್ಟರೆ ಅವತ್ತೇ ಗೊತ್ತಾಗುತ್ತದೆ. ಫಿಕ್ಸರ್ ಕೈಕೊಟ್ಟದ್ದು ತಿಳಿಯುವುದು ಎಷ್ಟೋ ದಿನಗಳ ಮೇಲೆ, ಪ್ರಿಂಟ್‌ನ ಬಿಳುಪು ಹಳದಿಗೆ ತಿರುಗಿದಾಗ.

1. ಆಯ್ಕೆ: ಹಳೆಯ ಸ್ಟುಡಿಯೊಗಳ ‘ಹೈಪೋ’ ಎಂದರೆ ಸೋಡಿಯಂ ಥಯೋಸಲ್ಫೇಟ್ ಹರಳು. ಅಗ್ಗ, ಆದರೆ ನಿಧಾನ. ಟಿ-ಮ್ಯಾಕ್ಸ್, ಡೆಲ್ಟಾದಂಥ ಚಪ್ಪಟೆ ಕಣದ ಫಿಲ್ಮ್‌ಗಳಿಗಂತೂ ಬೇಡ. ಅಮೋನಿಯಂ ಥಯೋಸಲ್ಫೇಟ್ ಇರುವ ರ‍್ಯಾಪಿಡ್ ಫಿಕ್ಸರನ್ನೇ ಕೊಳ್ಳಿ. ಹಾರ್ಡನರ್ (ಫಿಲ್ಮ್‌ನ ಲೇಪವನ್ನು ಗಟ್ಟಿ ಮಾಡುವ ರಾಸಾಯನಿಕ) ಸೇರಿಸಿದ್ದನ್ನು ಮುಟ್ಟಬೇಡಿ. ಈಗಿನ ಫಿಲ್ಮ್‌ಗಳಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ, ತೊಳೆಯುವ ಹೊತ್ತು ಮಾತ್ರ ಹೆಚ್ಚುತ್ತದೆ.

2. ಬೆರೆಸುವುದು: ಸಾಮಾನ್ಯವಾಗಿ ಫಿಲ್ಮ್‌ಗೆ 1+4, ಅಂದರೆ 200 ಮಿ.ಲೀ. ಫಿಕ್ಸರ್‌ಗೆ 800 ಮಿ.ಲೀ. ನೀರು. ಪ್ರಿಂಟ್ ಹಾಕುವ ಪೇಪರ್‌ಗೆ 1+9. ಎರಡಕ್ಕೂ ಬೇರೆ ಬೇರೆ ಬಾಟಲಿ ಇರಲಿ.

3. ಪರೀಕ್ಷೆ: ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಡೆವಲಪ್ ಮಾಡದ ಫಿಲ್ಮ್‌ನ ತುದಿಯಿಂದ ಒಂದು ಚೂರು ಕತ್ತರಿಸಿ. ಬೆಳಕಿನಲ್ಲೇ ಮಾಡಬಹುದು. ಒಣ ಚೂರಿನ ಮೇಲೆ ಒಂದು ಹನಿ ಫಿಕ್ಸರ್ ಬಿಟ್ಟು 30 ಸೆಕೆಂಡ್ ಕಾಯಿರಿ. ಆಮೇಲೆ ಇಡೀ ಚೂರನ್ನು ಫಿಕ್ಸರ್‌ನಲ್ಲಿ ಮುಳುಗಿಸಿ, ಅಲ್ಲಾಡಿಸುತ್ತ ಸಮಯ ನೋಡಿ. ಮೊದಲು ಹನಿ ಬಿದ್ದ ಜಾಗ ತಿಳಿಯಾಗಿ, ಸುತ್ತಲಿನದು ಹಾಲುಹಾಲಾಗಿ ಕಾಣುತ್ತದೆ. ಎರಡರ ನಡುವಿನ ಗೆರೆ ಅಳಿಸಿಹೋದ ಕ್ಷಣವೇ ನಿಮ್ಮ ಲೆಕ್ಕ. ಹನಿ ಬಿಡದೆ ಬರೀ ಕಣ್ಣಂದಾಜಿನಲ್ಲಿ ನೋಡಿದರೆ ಈ ಕ್ಷಣ ತಪ್ಪಿಹೋಗುತ್ತದೆ.

ತಿಳಿಯಾಗಲು 45 ಸೆಕೆಂಡ್ ಹಿಡಿದರೆ ಮಾಮೂಲಿ ಫಿಲ್ಮ್‌ಗೆ ಅದರ ಎರಡರಷ್ಟು, ಟಿ-ಮ್ಯಾಕ್ಸ್, ಡೆಲ್ಟಾಕ್ಕೆ ಮೂರರಷ್ಟು ಹೊತ್ತು ಕೊಡಿ. ಮಸುಕು ಹೋದ ಮಾತ್ರಕ್ಕೆ ಬೆಳ್ಳಿಯ ಸಂಯುಕ್ತಗಳೆಲ್ಲ ಹೊರಬಂದಿರುವುದಿಲ್ಲ. ಹೊಸ ಫಿಕ್ಸರ್‌ನ ಸೆಕೆಂಡ್‌ಗಳನ್ನು ಬಾಟಲಿಯ ಮೇಲೆ ಬರೆದಿಡಿ. ಅದೇ ಜಾತಿಯ ಫಿಲ್ಮ್ ತಿಳಿಯಾಗಲು ಅದರ ದುಪ್ಪಟ್ಟು ಹೊತ್ತು ಹಿಡಿದರೆ ಆ ಫಿಕ್ಸರ್ ಮುಗಿಯಿತು. ನೆಗೆಟಿವ್ ಹಾಲುಹಾಲಾಗಿ ಬಂದಿದ್ದರೆ ಹೊಸ ಫಿಕ್ಸರ್‌ಗೆ ಮತ್ತೆ ಹಾಕಿ, ಸರಿಹೋಗುತ್ತದೆ. ಟಿ-ಮ್ಯಾಕ್ಸ್‌ನ ನಸುಗುಲಾಬಿ ಛಾಯೆ ಮಾತ್ರ ಫಿಲ್ಮ್‌ಗೇ ಸೇರಿದ, ತೊಳೆದುಹೋಗದೆ ಉಳಿದ ಬಣ್ಣದ್ದೂ ಆಗಿರಬಹುದು. ಅದನ್ನು ಕಂಡೊಡನೆ ಫಿಕ್ಸರನ್ನು ಬೈಯಬೇಡಿ.

4. ಪೇಪರ್: ಇಲ್ಲಿ ಕಣ್ಣಿಗೆ ಏನೂ ಕಾಣದು. 1+9ರಲ್ಲಿ ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರ್‌ಗೆ 1 ನಿಮಿಷ, ಆ ಲೇಪವಿಲ್ಲದ ಫೈಬರ್ ಪೇಪರ್‌ಗೆ 2 ನಿಮಿಷ ಸಾಮಾನ್ಯ ಲೆಕ್ಕ. ಲೇಬಲ್ ಬೇರೆ ಹೇಳಿದರೆ ಅದೇ ಸರಿ. ‘ಇನ್ನೊಂದಿಷ್ಟು ಹೊತ್ತು ಇರಲಿ’ ಎಂದು ಟ್ರೇನಲ್ಲೇ ಮರೆತರೆ ತಿಳಿಬೂದು ಭಾಗದ ಸೂಕ್ಷ್ಮ ವಿವರ ಕರಗುತ್ತದೆ, ಫೈಬರ್ ಪೇಪರ್ ರಾಸಾಯನಿಕ ಹೀರಿಕೊಂಡು ಎಷ್ಟು ತೊಳೆದರೂ ಬಿಡುವುದಿಲ್ಲ. ಫೈಬರ್‌ಗೆ ಎರಡು ಟ್ರೇ ಇಡಿ, ಸಮಯವನ್ನು ಅರ್ಧರ್ಧ ಹಂಚಿ. ಮೊದಲನೆಯದು ಸೋತಾಗ ಚೆಲ್ಲಿ, ಎರಡನೆಯದನ್ನು ಅದರ ಜಾಗಕ್ಕೆ ತಂದು, ಹಿಂದೆ ಹೊಸದನ್ನು ಇಡಿ. ಎಷ್ಟು ಪ್ರಿಂಟ್ ಹಾದುಹೋದವು ಎಂದು ಗೀಟು ಹಾಕುತ್ತ ಬನ್ನಿ.

ಬಾಟಲಿಯ ತಳದಲ್ಲಿ ತಿಳಿಹಳದಿ ಪುಡಿ ಕಂಡರೆ ಅದು ಗಂಧಕ. ಸೋಸಿ ಬಳಸುವ ಜಾಣರಿದ್ದಾರೆ. ಸೋಸಿದರೆ ಪುಡಿ ಹೋಗುತ್ತದೆ, ಕೆಟ್ಟ ಫಿಕ್ಸರ್ ಕೆಟ್ಟೇ ಇರುತ್ತದೆ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುವುದರಿಂದ ಚರಂಡಿಗೆ ಸುರಿಯದೆ, ಬೆಳ್ಳಿ ತೆಗೆಯುವವರಿಗೆ ಕೊಡಿ.